ಸ್ಪೇನ್ ಪ್ರವಾಸದಲ್ಲಿ ವೀಗನ್ ಊಟ: ಕಾಸರಗೋಡಿನಿಂದ ಹೊರಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳು ಯುರೋಪಿನಲ್ಲಿ ಓದುತ್ತಿರುವ ಅಥವಾ ಕೆಲಸದಲ್ಲಿರುವ ಮನೆಗಳು ಕುಂಬಳೆ, ಬದಿಯಡ್ಕ, ಪೆರ್ಲದ ಕಡೆ ಈಗ ಅಪರೂಪವಲ್ಲ. ಅವರನ್ನು ನೋಡಿಬರಲು ಹೊರಡುವವರಲ್ಲಿ ಹಾಲು, ತುಪ್ಪ, ಜೇನು ಬಿಟ್ಟವರೂ ಕೆಲವರಿದ್ದಾರೆ. ನಾನು ಅವರಲ್ಲೊಬ್ಬ. ಸೊಸೆ ವಲೆನ್ಸಿಯಾದಲ್ಲಿ ಓದುತ್ತಿದ್ದುದರಿಂದ ಅಕ್ಕ ಮತ್ತು ಭಾವನ ಜತೆ ಜೂನ್ ತಿಂಗಳಲ್ಲಿ ಮೂರು ವಾರ ಸ್ಪೇನಿನಲ್ಲಿದ್ದು ಬಂದೆ. ಅಂದಿನಿಂದ ನೆಂಟರಿಷ್ಟರು ಕೇಳುತ್ತಿರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನನ್ನನ್ನು ಅಲ್ಲಿ ಹೆಚ್ಚು ಕಾಡಿದ್ದು ಗಡಿಯಾರವಾದ್ದರಿಂದ ಅದರ ವಿಷಯಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ನಾವು ಹುಟ್ಟು ಸಸ್ಯಾಹಾರಿಗಳು. ವೀಗನ್ ಎಂದರೆ ಅದೇ ಅಲ್ಲವೇ?

ಅಲ್ಲ. ಪ್ರಾಣಿಯಿಂದ ಬಂದ ಯಾವುದನ್ನೂ, ಎಂದರೆ ಮಾಂಸ, ಮೀನುಗಳ ಜತೆಗೆ ಹಾಲು, ಮೊಸರು, ತುಪ್ಪ, ಮೊಟ್ಟೆ, ಜೇನುಗಳನ್ನೂ ತಿನ್ನದವರನ್ನು ವೀಗನ್ ಎನ್ನುತ್ತಾರೆ. ಈ ಪದ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ ವೀಗನ್ ಸೊಸೈಟಿ ಆರಂಭವಾದಾಗ. ನಮ್ಮ ಕಡೆಯ ಅಡುಗೆಯಲ್ಲಿ ನೀರುದೋಸೆ, ಕೊಟ್ಟಿಗೆ, ಪತ್ರೊಡೆ, ಮೆಣಸ್ಕಾಯಿಗಳು ಆ ಹೆಸರಿನ ಹಂಗಿಲ್ಲದೆಯೇ ವೀಗನ್ ಆಗಿವೆ. ಆದರೆ ತಂಬುಳಿಗೆ ಮಜ್ಜಿಗೆ ಬೇಕು, ಹಬ್ಬದ ಎಲೆಗೆ ತುಪ್ಪ ಬೀಳದಿದ್ದರೆ ಬಡಿಸುವವರಿಗೇ ಸಮಾಧಾನವಿಲ್ಲ. ನಮ್ಮ ಪೊಟ್ಟಣಗಳ ಮೇಲಿನ ಹಸಿರು ಚುಕ್ಕಿ ಹಾಲು ಮತ್ತು ಜೇನನ್ನು ಒಳಗೊಂಡ ತಿನಿಸಿಗೂ ಇರುತ್ತದೆ. ವೀಗನ್ ಆಹಾರಕ್ಕೆ ಭಾರತದಲ್ಲಿ ಪ್ರತ್ಯೇಕ ನಿಯಮ ಮತ್ತು ಪ್ರತ್ಯೇಕ ಗುರುತು ಬಂದದ್ದು 2022ರಲ್ಲಷ್ಟೇ.

ಸ್ಪೇನಿನಲ್ಲಿ ‘ವೆಹೆತಾರಿಯಾನೊ’, ಎಂದರೆ ಸಸ್ಯಾಹಾರಿ, ಎಂದು ಹೇಳಿದರೆ ಮೊಟ್ಟೆ ಮತ್ತು ಚೀಸ್ ತಟ್ಟೆಗೆ ಬಂದೇ ಬರುತ್ತವೆ. ಆದ್ದರಿಂದ ಹಾಲು ಬಿಡದ, ಆದರೆ ಮೊಟ್ಟೆ ತಿನ್ನದ ನಮ್ಮಂಥ ಮನೆಗಳ ಸಾಮಾನ್ಯ ಸಸ್ಯಾಹಾರಿಗಳಿಗೂ ಅಲ್ಲಿ ವೀಗನ್ ಎಂದು ಹೇಳಿಕೊಳ್ಳುವುದೇ ಕ್ಷೇಮ. ಭಾವ ಎರಡನೆಯ ದಿನದಿಂದ ಹಾಗೆಯೇ ಹೇಳತೊಡಗಿದರು.

ಅಲ್ಲಿ ಊಟದ ಹೊತ್ತು ಯಾವುದು?

ಬೆಳಗ್ಗೆ 8ರ ಸುಮಾರಿಗೆ ಕಾಫಿ ಮತ್ತು ಒಂದು ತುಂಡು ಬ್ರೆಡ್, 11ರ ಆಸುಪಾಸಿನಲ್ಲಿ ಇನ್ನೊಂದು ಸಣ್ಣ ತಿಂಡಿ, ಮಧ್ಯಾಹ್ನ 2ರಿಂದ 4ರೊಳಗೆ ದಿನದ ದೊಡ್ಡ ಊಟ, ಸಂಜೆ 6ರ ಸುಮಾರಿಗೆ ಮಕ್ಕಳೂ ಮುದುಕರೂ ತಿನ್ನುವ ಲಘು ಉಪಾಹಾರ, ರಾತ್ರಿ 9ರಿಂದ 11ರೊಳಗೆ ಊಟ. ಮಧ್ಯಾಹ್ನದ ಊಟಕ್ಕೆ ‘ಕೊಮಿದಾ’ ಎಂದೂ ರಾತ್ರಿಯದಕ್ಕೆ ‘ಸೇನಾ’ ಎಂದೂ ಸಂಜೆಯ ತಿಂಡಿಗೆ ‘ಮೆರಿಯೆಂದಾ’ ಎಂದೂ ಹೆಸರು. ಬಾಗಿಲಿಗೆ ಅಂಟಿಸಿದ ವೇಳಾಪಟ್ಟಿಯಲ್ಲಿ ಅಂಗಡಿ ತೆರೆದಿರುವ ಹೊತ್ತಿಗಿಂತ ಅಡುಗೆಮನೆ ತೆರೆದಿರುವ ಹೊತ್ತನ್ನು ನೋಡಬೇಕು; ಅಡುಗೆಮನೆಗೆ ಅಲ್ಲಿ ‘ಕೊಸೀನಾ’ ಎನ್ನುತ್ತಾರೆ. ಕುರ್ಚಿ ಮೇಜು ಹಾಕಿ, ಕಾಫಿ ಕೊಡುತ್ತ, ಗಿರಾಕಿಗಳಿಂದ ತುಂಬಿರುವ ಜಾಗದಲ್ಲೂ ಸಂಜೆ 4.30ಕ್ಕೆ ಒಲೆ ಆರಿರುತ್ತದೆ.

ಅವರು ಅಷ್ಟು ತಡವಾಗಿ ಉಣ್ಣುವುದೇಕೆ?

ಸೂರ್ಯನನ್ನು ನೋಡಿದರೆ ಮಧ್ಯಾಹ್ನದ ಊಟ ಅಷ್ಟೇನೂ ತಡವಲ್ಲ. ಸ್ಪೇನಿನ ಹೆಚ್ಚಿನ ಭಾಗ ಗ್ರೀನಿಚ್ ರೇಖೆಯ ಪಶ್ಚಿಮಕ್ಕಿದೆ, ಆದರೆ 1940ರಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ಜರ್ಮನಿ ಇರುವ ಮಧ್ಯ ಯುರೋಪಿನ ಸಮಯಕ್ಕೆ ಹೊಂದಿಸಿದವರು ಅದನ್ನು ಮತ್ತೆ ಹಿಂದಕ್ಕೆ ತರಲಿಲ್ಲ. ಬೇಸಿಗೆಯಲ್ಲಿ ಇನ್ನೊಂದು ಗಂಟೆ ಸೇರುತ್ತದೆ. ಹೀಗಾಗಿ ಜೂನ್ ತಿಂಗಳಲ್ಲಿ ಮ್ಯಾಡ್ರಿಡ್‌ನಲ್ಲಿ ಸೂರ್ಯ ಅತಿ ಎತ್ತರಕ್ಕೇರುವ ನಿಜವಾದ ನಡುಹಗಲು ಗಡಿಯಾರದಲ್ಲಿ ಸುಮಾರು 2.15 ಆಗಿರುತ್ತದೆ. ನಮ್ಮ ಕಾಸರಗೋಡು ಭಾರತೀಯ ಸಮಯ ರೇಖೆಯಿಂದ ಏಳೂವರೆ ಡಿಗ್ರಿ ಪಶ್ಚಿಮದಲ್ಲಿರುವುದರಿಂದ ಇಲ್ಲಿನ ನಡುಹಗಲು ಸುಮಾರು 12.30ಕ್ಕೆ. ನಾವು 12.45ಕ್ಕೆ ಎಲೆ ಹಾಕುವುದೂ ಅವರು 2.30ಕ್ಕೆ ಮೇಜಿಗೆ ಕೂರುವುದೂ ಬಿಸಿಲಿನ ಲೆಕ್ಕದಲ್ಲಿ ಒಂದೇ. ಇದನ್ನು ತಿಳಿದ ಮೇಲೆ ನನ್ನ ಮುನಿಸು ಅರ್ಧ ಇಳಿಯಿತು, ಹಸಿವು ಮಾತ್ರ ಇಳಿಯಲಿಲ್ಲ.

ರಾತ್ರಿಯದಕ್ಕೂ ಬೆಳಕೇ ಕಾರಣ ಎನ್ನಬಹುದು. ವಲೆನ್ಸಿಯಾದಲ್ಲಿ ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದು 9.30ಕ್ಕೆ, ವಾಯವ್ಯದ ಗಲಿಸಿಯಾ ಪ್ರಾಂತ್ಯದಲ್ಲಿ 10 ದಾಟುತ್ತದೆ. ಸಾಯಂಸಂಧ್ಯೆ ಮುಗಿಸದೆ ಉಣ್ಣದ ಭಾವ ಅಲ್ಲಿ ಯಾರೂ ಹೇಳದೆ ಸ್ಪೇನಿನವರ ಊಟದ ಹೊತ್ತಿಗೇ ಸರಿಹೋದರು. ಬಯಲಾಟಕ್ಕೆ ಹೋದ ರಾತ್ರಿ 11ಕ್ಕೆ ಚರುಮುರಿ ತಿಂದು ಅಭ್ಯಾಸವಿರುವ ನಮಗೆ ರಾತ್ರಿಯ ಊಟ ಕಷ್ಟವಾಗಲಿಲ್ಲ. ಕಷ್ಟವಾದದ್ದು ನಡುವಿನ ಹೊತ್ತು.

ಹಾಗಾದರೆ 12.30ಕ್ಕೆ ಹಸಿವಾದರೆ, ಸಂಜೆ 7ಕ್ಕೆ ಹಸಿವಾದರೆ ಏನು ಮಾಡುವುದು?

ಎರಡು ದಾರಿಗಳಿವೆ. ಒಂದು, ಅವರ ಹೊತ್ತಿಗೆ ಹೊಂದಿಕೊಳ್ಳುವುದು. ಇನ್ನೊಂದು, ನಮ್ಮ ಹೊತ್ತನ್ನು ಚೀಲದಲ್ಲಿ ಹೊತ್ತುಕೊಂಡು ಹೋಗುವುದು. ನನಗೆ ಮೊದಲನೆಯದೇ ಮೇಲು ಎನಿಸಿತು, ಏಕೆಂದರೆ ವೀಗನ್ ಆದವನು ಅಡುಗೆಮನೆ ಮುಚ್ಚಿದ ಹೊತ್ತಿನಲ್ಲಿ ಹೋಟೆಲಿಗೆ ಹೋದರೆ ಗಾಜಿನ ಪೆಟ್ಟಿಗೆಯಲ್ಲಿ ಆಗಲೇ ಮಾಡಿಟ್ಟ ತಿನಿಸು ಮಾತ್ರ ಸಿಗುತ್ತದೆ, ಮತ್ತು ಆ ತಿನಿಸಿನಲ್ಲಿ ಮೊಟ್ಟೆ, ಹಂದಿಮಾಂಸ ಅಥವಾ ಚೀಸ್ ಇಲ್ಲದ್ದು ಹತ್ತರಲ್ಲಿ ಒಂದೂ ಕಷ್ಟ. ಬೇರೆಯವರು ಆಮ್ಲೆಟ್ ತುಂಡೊಂದನ್ನು ತಿಂದು ಹೊಟ್ಟೆ ತಣಿಸಿಕೊಂಡಾರು. ನಮಗೆ ಅಡುಗೆಯವನು ಒಲೆಯ ಮುಂದೆ ಇರಬೇಕು. ಒಲೆಯ ಮುಂದೆ ಅವನಿರುವುದು 2ರಿಂದ 4 ಮತ್ತು 9ರ ನಂತರ.

ಹೊಂದಿಕೊಳ್ಳುವ ಕ್ರಮ ಹೀಗೆ: ಬೆಳಗ್ಗೆ 11ರ ತಿಂಡಿಯನ್ನು ಬಿಡಬಾರದು, ಅದು ಶೋಕಿಯಲ್ಲ, 2.30ರವರೆಗೆ ತಡೆಯುವ ಆಧಾರ. ಮಧ್ಯಾಹ್ನ ಹೊಟ್ಟೆತುಂಬ ಉಣ್ಣಬೇಕು. ವಾರದ ದಿನಗಳಲ್ಲಿ ‘ಮೆನು ದೆಲ್ ದಿಯಾ’ ಎಂಬ ದಿನದೂಟ ಇರುತ್ತದೆ. ಎರಡು ಬಗೆಯ ತಟ್ಟೆ, ಬ್ರೆಡ್, ಒಂದು ಪಾನೀಯ, ಕೊನೆಗೆ ಹಣ್ಣು ಅಥವಾ ಸಿಹಿ ಅಥವಾ ಕಾಫಿ. ನಾವು ಹೋದ ಕಡೆಗಳಲ್ಲಿ 12ರಿಂದ 16 ಯೂರೊ ಇತ್ತು. ಎರಡನೆಯ ತಟ್ಟೆ ಸಾಮಾನ್ಯವಾಗಿ ಮಾಂಸ ಅಥವಾ ಮೀನಿನದಾಗಿರುವುದರಿಂದ, ಮೊದಲನೆಯ ತಟ್ಟೆಯ ಪಟ್ಟಿಯಿಂದಲೇ ಎರಡನ್ನು ಕೊಡಲಾಗುತ್ತದೆಯೇ ಎಂದು ಕೇಳಬೇಕು. ಹೆಚ್ಚಿನವರು ಒಪ್ಪಿದರು. ಸಂಜೆ 6ಕ್ಕೆ ಹಣ್ಣು, ಬಾದಾಮಿ, ಬ್ರೆಡ್ ಏನಾದರೂ ತಿಂದುಕೊಂಡರೆ 9ರವರೆಗೆ ಸಿಡುಕದೆ ಇರಬಹುದು.

ದಿನಕ್ಕೆ ಒಪ್ಪತ್ತು ಉಂಡು ಅಭ್ಯಾಸವಿರುವ ಹಿರಿಯರಿಗೆ ಈ ದೇಶ ಹೇಳಿ ಮಾಡಿಸಿದಂತಿದೆ.

ಬೆಳಗಿನ ತಿಂಡಿಗೆ ಏನು ಸಿಗುತ್ತದೆ?

ಇದು ಸುಲಭ. ಸುಟ್ಟ ಬ್ರೆಡ್ಡಿನ ಮೇಲೆ ಹಣ್ಣು ಟೊಮೇಟೊ ತುರಿದು ಹಾಕಿ, ಆಲಿವ್ ಎಣ್ಣೆ ಸುರಿದು, ಉಪ್ಪು ಉದುರಿಸಿ ಕೊಡುತ್ತಾರೆ. ‘ಪಾನ್ ಕೊನ್ ತೊಮಾತೆ’ ಎಂದು ಕೇಳಿದರಾಯಿತು. ಕಾಫಿಗೆ ಓಟ್ಸ್ ಹಾಲು ಬೇಕೆಂದರೆ ‘ಅವೇನಾ’, ಸೋಯಾ ಹಾಲಾದರೆ ‘ಸೊಹಾ’ ಎನ್ನಬೇಕು. ಕಿತ್ತಳೆ ರಸವನ್ನು ಎದುರಿಗೇ ಯಂತ್ರದಲ್ಲಿ ಹಿಂಡಿ ಕೊಡುತ್ತಾರೆ. ಚುರ್ರೊ ಎಂಬ ಚಕ್ಕುಲಿಯ ಅಣ್ಣನಂಥ ಕರಿದ ತಿಂಡಿ ಮೈದಾ, ನೀರು, ಉಪ್ಪಿನ ಹಿಟ್ಟಿನದು; ಅದರ ಜತೆಗೆ ಬರುವ ಬಿಸಿ ಚಾಕೊಲೇಟಿನಲ್ಲಿ ಮಾತ್ರ ಹಾಲಿರುವುದುಂಟು. ಕ್ರೊಸಾಂಟ್ ಮುಂತಾದ ಬೇಕರಿ ತಿನಿಸುಗಳಲ್ಲಿ ಬೆಣ್ಣೆ ಅಥವಾ ಹಂದಿಯ ಕೊಬ್ಬು ಇರುತ್ತದೆ, ಬಿಟ್ಟುಬಿಡುವುದು ಒಳ್ಳೆಯದು.

ಹೋಟೆಲಿನ ಪಟ್ಟಿಯಲ್ಲಿ ಯಾವ ಹೆಸರುಗಳನ್ನು ಹುಡುಕಬೇಕು?

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಸೆವಿಲ್ಯಾದ ‘ಎಸ್ಪಿನಾಕಾಸ್ ಕೊನ್ ಗರ್ಬಾನ್ಸೊಸ್’. ಪಾಲಕ್ ಸೊಪ್ಪು ಮತ್ತು ಕಾಬೂಲಿ ಕಡಲೆಯನ್ನು ಬೆಳ್ಳುಳ್ಳಿ, ಜೀರಿಗೆ, ಆಲಿವ್ ಎಣ್ಣೆಯಲ್ಲಿ ಬಾಡಿಸಿ, ಹುರಿದ ಬ್ರೆಡ್ಡನ್ನು ಅರೆದು ಮಂದ ಮಾಡಿರುತ್ತಾರೆ. ಮಣ್ಣಿನ ಸಣ್ಣ ಬೋಗುಣಿಯಲ್ಲಿ ಅದು ಮೇಜಿಗೆ ಬಂದಾಗ ಮೊದಲು ಎದ್ದದ್ದು ಜೀರಿಗೆಯ ಘಮ. ಅಕ್ಕ ಒಂದು ಚಮಚ ಬಾಯಿಗಿಟ್ಟು, ‘ಇದಕ್ಕೆ ಎರಡು ಚೂರು ತೆಂಗಿನಕಾಯಿ ಹಾಕಿದ್ದರೆ ನಮ್ಮದೇ’ ಎಂದಳು.

ಬೇಸಿಗೆಯಲ್ಲಾದರೆ ‘ಗಸ್ಪಾಚೊ’ ಸಿಗುತ್ತದೆ. ಟೊಮೇಟೊ, ಸೌತೆ, ದೊಣ್ಣೆಮೆಣಸು, ಬೆಳ್ಳುಳ್ಳಿ, ಆಲಿವ್ ಎಣ್ಣೆ, ವಿನೆಗರ್ ಸೇರಿಸಿ ಹಸಿಯಾಗಿಯೇ ಅರೆದ ತಣ್ಣನೆಯ ಸಾರು. ತಂಬುಳಿ ಕುಡಿದು ಬೆಳೆದವರಿಗೆ ಅದರ ಬಗ್ಗೆ ಪೀಠಿಕೆ ಬೇಡ. ಮಾಲಗಾದ ಕಡೆ ಬಾದಾಮಿ ಮತ್ತು ಬೆಳ್ಳುಳ್ಳಿಯಿಂದ ಮಾಡುವ ಬಿಳಿಯ ‘ಅಹೊಬ್ಲಾಂಕೊ’ ಕೂಡ ಇದೇ ಜಾತಿಯದು. ಕಾತಾಲೋನಿಯಾದಲ್ಲಿ ಬದನೆ ಮತ್ತು ದೊಣ್ಣೆಮೆಣಸನ್ನು ಸುಟ್ಟು ಸಿಪ್ಪೆ ಸುಲಿದು ಎಣ್ಣೆ ಹಾಕಿ ಕೊಡುವ ‘ಎಸ್ಕಾಲಿವಾದಾ’ ಸಿಗುತ್ತದೆ. ಸುಟ್ಟ ಬದನೆಯ ಗೊಜ್ಜು ತಿಂದವರಿಗೆ ಹಳೆಯ ಪರಿಚಯದಂತೆ ಕಾಣುತ್ತದೆ. ಎಣ್ಣೆಯಲ್ಲಿ ಬಾಡಿಸಿ ಉಪ್ಪು ಉದುರಿಸಿದ ಹಸಿರು ‘ಪದ್ರೋನ್’ ಮೆಣಸಿನಲ್ಲಿ ಹೆಚ್ಚಿನವು ಸಪ್ಪೆ, ನಡುವೆ ಒಂದೋ ಎರಡೋ ಖಾರ. ಕಾನರಿ ದ್ವೀಪಗಳಿಗೆ ಹೋಗುವವರು ಉಪ್ಪುನೀರಿನಲ್ಲಿ ಬೇಯಿಸಿದ ಸುಕ್ಕುಸಿಪ್ಪೆಯ ಆಲೂಗಡ್ಡೆಯನ್ನು ‘ಮೊಹೊ’ ಎಂಬ ಬೆಳ್ಳುಳ್ಳಿ ಚಟ್ನಿಯೊಂದಿಗೆ ಕೇಳಬಹುದು.

ಹೆಸರಿನಲ್ಲಿ ಜೇನಿದ್ದರೂ ಜೇನಿಲ್ಲದ ಒಂದು ತಿನಿಸಿದೆ. ಕರಿದ ಬದನೆಯ ಮೇಲೆ ಸುರಿಯುವ ‘ಮಿಯೆಲ್ ದೆ ಕಾನ್ಯಾ’ ಎಂದರೆ ಕಬ್ಬಿನ ಜೇನು, ನಮ್ಮ ಭಾಷೆಯಲ್ಲಿ ಜೋನಿಬೆಲ್ಲ. ಬದನೆಗೆ ಹಚ್ಚಿದ ಹಿಟ್ಟಿನಲ್ಲಿ ಹಾಲು, ಮೊಟ್ಟೆ ಇಲ್ಲವೆಂದು ಖಚಿತಪಡಿಸಿಕೊಂಡರೆ ಧೈರ್ಯವಾಗಿ ತಿನ್ನಬಹುದು.

ವಲೆನ್ಸಿಯಾದಲ್ಲಿ ‘ಒರ್ಚಾತಾ’ ಕುಡಿಯದೆ ಬರಬಾರದು. ಚೂಫಾ ಎಂಬ ಸಣ್ಣ ಗೆಡ್ಡೆಯನ್ನು ನೆನೆಸಿ ಅರೆದು ಸೋಸಿ ಸಕ್ಕರೆ ಹಾಕಿದ ತಣ್ಣನೆಯ ಹಾಲು ಅದು, ನೋಡಲು ನಮ್ಮ ತೆಂಗಿನಹಾಲಿನಂತೆಯೇ. ಅದ್ದಿಕೊಂಡು ತಿನ್ನಲು ಕೊಡುವ ಉದ್ದನೆಯ ಬನ್ನಿನಲ್ಲಿ ಮಾತ್ರ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ.

ಎಲ್ಲಿ ಎಡವುತ್ತೇವೆ?

‘ತರಕಾರಿ’ ಎಂಬ ಪದದಲ್ಲಿ. ರೈಲು ನಿಲ್ದಾಣವೊಂದರ ಕಾಫಿ ಅಂಗಡಿಯಲ್ಲಿ ‘ಸ್ಯಾಂಡ್‌ವಿಚ್ ವೆಹೆತಾಲ್’ ಎಂಬ ಹೆಸರು ನೋಡಿ, ಹೆಸರೇ ಹೇಳುತ್ತಿದೆಯಲ್ಲ ಎಂದು ಹಣ ಕೊಟ್ಟು ತೆಗೆದುಕೊಂಡೆ. ಬೆಂಚಿನ ಮೇಲೆ ಕೂತು ಮೇಲಿನ ಬ್ರೆಡ್ ಎತ್ತಿ ನೋಡಿದಾಗ ಮೊದಲು ಲೆಟ್ಯೂಸ್ ಎಲೆ, ಅದರಡಿ ಟೊಮೇಟೊ ಬಿಲ್ಲೆ, ಅದರಡಿ ಬೇಯಿಸಿದ ಮೊಟ್ಟೆಯ ಚೂರು, ಎಲ್ಲಕ್ಕೂ ಕೆಳಗೆ ಮೇಯೊನೀಸಿನಲ್ಲಿ ಅದ್ದಿದ ಬೂದುಬಣ್ಣದ ಪುಡಿಪುಡಿ. ಅದು ಟ್ಯೂನಾ ಮೀನು. ಹಿಂದಿರುಗಿ ಕೇಳಿದಾಗ ಅಲ್ಲಿದ್ದ ಹೆಂಗಸು ನಿಜವಾದ ಅಚ್ಚರಿಯಿಂದಲೇ, ಇದರಲ್ಲಿ ಮಾಂಸವಿಲ್ಲವಲ್ಲ ಎಂದಳು. ಸೊಸೆ ಆಮೇಲೆ ಹೇಳಿದಳು, ಅಲ್ಲಿ ಆ ಹೆಸರಿನ ಸ್ಯಾಂಡ್‌ವಿಚ್ ಬಹುಮಟ್ಟಿಗೆ ಹಾಗೆಯೇ ಇರುತ್ತದೆ ಎಂದು. ಅದನ್ನು ಭಾವನಿಗೂ ಕೊಡುವಂತಿರಲಿಲ್ಲ.

ಇದೇ ರೀತಿ ‘ಎನ್ಸಲಾದಾ ಮಿಕ್ಸ್ತಾ’ ಎಂಬ ಸಲಾಡಿನಲ್ಲಿ ಟ್ಯೂನಾ ಮತ್ತು ಮೊಟ್ಟೆ ಇರುವುದು ಸಾಮಾನ್ಯ. ಬೇಳೆ, ಅವರೆ, ಕಡಲೆಯ ಸಾರುಗಳನ್ನು ಹಂದಿಮಾಂಸದ ಚೂರು ಹಾಕಿ ಬೇಯಿಸುತ್ತಾರೆ. ಬಡಿಸುವಾಗ ಚೂರನ್ನು ತೆಗೆದು ಕೊಟ್ಟರೆ ಸಾಕೆಂದು ಭಾವಿಸುವವರೂ ಇದ್ದಾರೆ. ‘ಸಾಲ್ಮೊರೆಹೊ’ ಗಸ್ಪಾಚೊದ ಸೋದರನಂತೆ ಕಂಡರೂ ಅದರ ಮೇಲೆ ಮೊಟ್ಟೆ ಮತ್ತು ಹಂದಿಮಾಂಸ ಉದುರಿಸಿರುತ್ತಾರೆ, ಹಾಕಬೇಡಿ ಎಂದು ಮೊದಲೇ ಹೇಳಬೇಕು. ಹಸಿರು ಆಲಿವ್ ಕಾಯಿಯ ಒಳಗೆ ಆಂಚೊವಿ ಮೀನು ತುಂಬಿರುವುದುಂಟು, ಹೊರಗಿನಿಂದ ಗೊತ್ತಾಗುವುದಿಲ್ಲ. ‘ಪತಾತಾಸ್ ಬ್ರಾವಾಸ್’ ಎಂಬ ಹುರಿದ ಆಲೂಗಡ್ಡೆಯ ಮೇಲಿನ ಸಾಸಿನಲ್ಲಿ ಮೇಯೊನೀಸ್ ಅಥವಾ ಮಾಂಸದ ಸಾರು ಸೇರಿರಬಹುದು. ಗ್ರನಾದಾದಲ್ಲಿ ಪಾನೀಯ ಕೊಂಡರೆ ಒಂದು ಸಣ್ಣ ತಟ್ಟೆ ತಿನಿಸು ಪುಕ್ಕಟೆ ಬರುತ್ತದೆ. ಪಾನೀಯ ಹೇಳುವಾಗಲೇ ವೀಗನ್ ಎನ್ನದಿದ್ದರೆ ಏನು ಬರುತ್ತದೆಂಬುದು ಅದೃಷ್ಟ.

ಭಾಷೆ ಬಾರದವರು ಹೇಗೆ ಹೇಳುವುದು?

ಗಂಡಸರು ‘ಸೊಯ್ ವೆಗಾನೊ’, ಹೆಂಗಸರು ‘ಸೊಯ್ ವೆಗಾನಾ’ ಎನ್ನಬೇಕು. ಅಲ್ಲಿಗೇ ನಿಲ್ಲಿಸದೆ ಬೇಡದ್ದನ್ನು ಹೆಸರಿಟ್ಟು ಹೇಳಬೇಕು: ಮಾಂಸಕ್ಕೆ ‘ಕಾರ್ನೆ’, ಹಂದಿತೊಡೆಗೆ ‘ಹಮೋನ್’, ಮೀನಿಗೆ ‘ಪೆಸ್ಕಾದೊ’, ಟ್ಯೂನಾಗೆ ‘ಅತೂನ್’, ಮೊಟ್ಟೆಗೆ ‘ವೇವೊ’, ಹಾಲಿಗೆ ‘ಲೆಚೆ’, ಚೀಸಿಗೆ ‘ಕೇಸೊ’, ಬೆಣ್ಣೆಗೆ ‘ಮಾಂತೆಕಿಯಾ’, ಹಂದಿಕೊಬ್ಬಿಗೆ ‘ಮಾಂತೇಕಾ’, ಜೇನಿಗೆ ‘ಮಿಯೆಲ್’, ಮಾಂಸ ಮೀನು ಬೇಯಿಸಿದ ಸಾರಿಗೆ ‘ಕಾಲ್ದೊ’. ಇವುಗಳ ಮುಂದೆ ‘ಸಿನ್’ ಸೇರಿಸಿದರೆ ‘ಇಲ್ಲದೆ’ ಎಂದಾಗುತ್ತದೆ. ಮಾಂಸ ಎಂದಷ್ಟೇ ಹೇಳಿದರೆ ಹಮೋನ್ ಮತ್ತು ಮೀನು ಅದರಲ್ಲಿ ಸೇರಿದವೆಂದು ಕೆಲವರಿಗೆ ಹೊಳೆಯುವುದಿಲ್ಲ. ನಾನು ಇಷ್ಟನ್ನೂ ಸೊಸೆಯ ಕೈಯಲ್ಲಿ ಸ್ಪ್ಯಾನಿಷಿನಲ್ಲಿ ಒಂದು ಚೀಟಿಯ ಮೇಲೆ ಬರೆಸಿ ಜೇಬಿನಲ್ಲಿಟ್ಟುಕೊಂಡಿದ್ದೆ. ಬಡಿಸುವವರು ಅದನ್ನು ಒಳಗೆ ಒಯ್ದು ಅಡುಗೆಯವನಿಗೇ ತೋರಿಸುತ್ತಿದ್ದರು. ನನ್ನ ಉಚ್ಚಾರಕ್ಕಿಂತ ಆ ಚೀಟಿ ಹೆಚ್ಚು ಕೆಲಸ ಮಾಡಿತು.

ಅಂಗಡಿಯಲ್ಲಿ ಪೊಟ್ಟಣ ಓದಿ ಕೊಳ್ಳಬಹುದೇ?

ಕೊಳ್ಳಬಹುದು. ಯುರೋಪಿನ ಒಕ್ಕೂಟದ ನಿಯಮದಂತೆ ಅಲರ್ಜಿ ತರುವ 14 ಬಗೆಯ ವಸ್ತುಗಳನ್ನು ಪದಾರ್ಥಪಟ್ಟಿಯಲ್ಲಿ ಎದ್ದುಕಾಣುವಂತೆ, ಹೆಚ್ಚಾಗಿ ದಪ್ಪ ಅಕ್ಷರದಲ್ಲಿ, ಮುದ್ರಿಸಬೇಕು. ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿಯ ಜಾತಿ, ಚಿಪ್ಪುಮೀನಿನ ಜಾತಿ ಅದರಲ್ಲಿ ಸೇರಿವೆ. ಆದರೆ ಮಾಂಸ, ಹಂದಿಕೊಬ್ಬು, ಜೆಲಟಿನ್, ಜೇನು ಆ ಹದಿನಾಲ್ಕರಲ್ಲಿ ಇಲ್ಲ, ಆದ್ದರಿಂದ ದಪ್ಪ ಅಕ್ಷರ ಕಾಣಲಿಲ್ಲವೆಂದು ನೆಮ್ಮದಿಯಾಗಬಾರದು, ಪೂರ್ತಿ ಓದಬೇಕು. ಹೋಟೆಲುಗಳೂ ಈ 14ರ ಮಾಹಿತಿಯನ್ನು ಕೇಳಿದವರಿಗೆ ಕೊಡಬೇಕು. ಸೋಯಾ ಮತ್ತು ಓಟ್ಸ್ ಹಾಲಿನ ಪೆಟ್ಟಿಗೆಯ ಮೇಲೆ ಹಾಲು ಎಂಬ ಪದ ಇರುವುದಿಲ್ಲ, ‘ಬೆಬಿದಾ’ ಎಂದರೆ ಪಾನೀಯ ಎಂದು ಬರೆದಿರುತ್ತದೆ.

ಬೇಯಿಸಿ ಗಾಜಿನ ಭರಣಿಯಲ್ಲಿ ತುಂಬಿದ ಕಾಬೂಲಿ ಕಡಲೆ, ಪೆಟ್ಟಿಗೆಯ ಗಸ್ಪಾಚೊ, ಬ್ರೆಡ್, ಟೊಮೇಟೊ, ಹಣ್ಣು ಇಷ್ಟಿದ್ದರೆ ಒಂದು ಹೊತ್ತು ಕಳೆಯುತ್ತದೆ. ಭಾನುವಾರ ಮ್ಯಾಡ್ರಿಡ್ ಬಿಟ್ಟರೆ ಹೆಚ್ಚಿನ ಕಡೆಗಳಲ್ಲಿ ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ ಸಂಜೆಯೇ ಕೊಂಡಿಟ್ಟುಕೊಳ್ಳಬೇಕು. ನಾವು ಮೊದಲ ಭಾನುವಾರ ಇದನ್ನು ಖಾಲಿ ಹೊಟ್ಟೆಯಲ್ಲಿ ಕಲಿತೆವು.

ಊರಿನಿಂದ ಏನು ಒಯ್ಯಬಹುದು?

ಹಲಸಿನ ಹಪ್ಪಳ, ಮಾಂಬಳ, ಸಾಂತಾಣಿ, ಚಟ್ನಿಪುಡಿ, ಒಗ್ಗರಣೆ ಹಾಕಿ ಹುರಿದ ಅವಲಕ್ಕಿ. ನಮ್ಮ ಸಂಜೆ 7ರ ಹಸಿವನ್ನು ನೀಗಿದ್ದು ಅವಲಕ್ಕಿಯೇ. ಮಿಡಿ ಉಪ್ಪಿನಕಾಯಿಯನ್ನು ಚೆನ್ನಾಗಿ ಕಟ್ಟಿ ದೊಡ್ಡ ಪೆಟ್ಟಿಗೆಗೆ ಹಾಕಬೇಕು, ಕೈಚೀಲದಲ್ಲಿ ಅದರ ರಸಕ್ಕೂ 100 ಮಿಲಿಲೀಟರಿನ ಮಿತಿ ಅನ್ವಯಿಸುತ್ತದೆ. ತುಪ್ಪ, ಪನೀರ್ ಮುಂತಾದ ಹಾಲಿನ ಪದಾರ್ಥಗಳನ್ನು ಯುರೋಪಿನ ಒಕ್ಕೂಟದ ಹೊರಗಿನಿಂದ ಪ್ರಯಾಣಿಕರು ತರುವಂತಿಲ್ಲ. ಜತೆಯಲ್ಲಿ ಬರುವ ಸಸ್ಯಾಹಾರಿಗಳಿಗೆ ಇದನ್ನು ಮುಂಚಿತವಾಗಿ ತಿಳಿಸಿರಿ. ತಾಜಾ ಹಣ್ಣು, ತರಕಾರಿ, ಕರಿಬೇವಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಬಾಳೆಹಣ್ಣು, ತೆಂಗಿನಕಾಯಿ, ಅನಾನಸು, ಖರ್ಜೂರ, ಡೂರಿಯನ್ ಹಣ್ಣುಗಳಿಗೆ ಇದರಿಂದ ವಿನಾಯಿತಿ ಇದೆ. ಒಣ ಕೊಬ್ಬರಿ ಮಾತ್ರ ಬೇಡ, ಅದು ಬೇಗ ಬೆಂಕಿ ಹಿಡಿಯುವ ವಸ್ತುವೆಂದು ವಿಮಾನದಲ್ಲಿ ತಡೆಯುತ್ತಾರೆ.

ವಿಮಾನದಲ್ಲಿ ಊಟ?

ಮಂಗಳೂರಿನಿಂದ ಹೊರಟರೂ ಕಣ್ಣೂರಿನಿಂದ ಹೊರಟರೂ ನಮ್ಮವರು ಹೆಚ್ಚಾಗಿ ಕೊಲ್ಲಿ ದೇಶಗಳ ಮೂಲಕ ಹೋಗುತ್ತಾರೆ. ಟಿಕೆಟ್ ಮಾಡುವಾಗಲೇ ವಿ.ಜಿ.ಎಂ.ಎಲ್. ಎಂಬ ಸಂಕೇತದ ಊಟ ಕೇಳಬೇಕು, ಅದು ವೀಗನ್. ಎ.ವಿ.ಎಂ.ಎಲ್. ಭಾರತೀಯ ಸಸ್ಯಾಹಾರ, ಅದರಲ್ಲಿ ಹಾಲು ಮೊಸರು ಇರುತ್ತದೆ. ‘ಹಿಂದೂ ಮೀಲ್’ ಎಂಬ ಹೆಸರಿನದು ಸಸ್ಯಾಹಾರವೇ ಅಲ್ಲ. ಎರಡು ದಿನ ಮೊದಲು ಮತ್ತೊಮ್ಮೆ ಖಚಿತಪಡಿಸಿಕೊಳ್ಳಿ.

ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು?

ಊಟದ ಹೊತ್ತು ಎರಡು ಗಂಟೆ ಹಿಂದುಮುಂದಾಗುವುದರಿಂದ ಮಾತ್ರೆಯ ಹೊತ್ತನ್ನು ಹೊರಡುವ ಮೊದಲೇ ವೈದ್ಯರ ಬಳಿ ಕೇಳಿಕೊಳ್ಳಬೇಕು. ಭಾರತಕ್ಕೂ ಸ್ಪೇನಿಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸವಿದೆ ಎಂಬುದನ್ನೂ ಅವರಿಗೆ ತಿಳಿಸಿರಿ. ಬಿ12 ಮಾತ್ರೆಯನ್ನು ವೀಗನ್ನರು ಮನೆಯಲ್ಲಿದ್ದಂತೆ ಅಲ್ಲಿಯೂ ತಪ್ಪಿಸಬಾರದು.

ಕೊನೆಗೆ, ಅನ್ನ ಸಿಗುತ್ತದೆಯೇ?

ಸಿಗುತ್ತದೆ, ಮತ್ತು ಅದು ಅಲ್ಲಿಯೇ ಬೆಳೆದದ್ದು. ವಲೆನ್ಸಿಯಾದ ಪಕ್ಕದ ಅಲ್ಬುಫೇರಾ ಸರೋವರದ ಸುತ್ತಲೂ ಗದ್ದೆಗಳಿವೆ. ಜೂನ್ ತಿಂಗಳಲ್ಲಿ ನೀರು ನಿಂತ ಹಸಿರು ಪೈರನ್ನು ನೋಡಿ ಅಕ್ಕ ಬಸ್ಸಿನ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಆ ಅಕ್ಕಿಯಿಂದ ಮಾಡುವ ಪಾಯೆಯಾವನ್ನು ಊರಿನವರು ಮಧ್ಯಾಹ್ನಕ್ಕೆ ಉಣ್ಣುತ್ತಾರೆ, ಹೆಚ್ಚಿನ ಕಡೆ ಕನಿಷ್ಠ ಇಬ್ಬರಿಗಾಗಿ ಮಾಡುತ್ತಾರೆ, ಮತ್ತು ತರಕಾರಿಯದೆಂದರೂ ಕೋಳಿಯ ಅಥವಾ ಮೀನಿನ ಕಾಲ್ದೊದಲ್ಲಿ ಬೇಯಿಸುವುದುಂಟು. ತರಕಾರಿ ಬೇಯಿಸಿದ ನೀರಿನಲ್ಲೇ ಮಾಡಿಕೊಡಿ ಎಂದು ಹಿಂದಿನ ದಿನವೇ ಹೇಳಿಟ್ಟ ಒಂದು ಹೋಟೆಲಿನಲ್ಲಿ ನಮಗೆ ಅದು ಸಿಕ್ಕಿತು. ಅಗಲ ಬಾಣಲೆಯ ತಳದಲ್ಲಿ ಹಿಡಿದ ಸೀಕಲನ್ನು ಅವರು ‘ಸೊಕರ್ರಾತ್’ ಎನ್ನುತ್ತಾರೆ, ಅದಕ್ಕಾಗಿ ಮೇಜಿನಲ್ಲಿ ಪೈಪೋಟಿ ನಡೆಯುತ್ತದೆ. ಕುಚ್ಚಲಕ್ಕಿ ಮಾತ್ರ ನಮಗೆ ಎಲ್ಲಿಯೂ ಸಿಗಲಿಲ್ಲ. ಊರಿಗೆ ಬಂದ ದಿನ ಅಮ್ಮ ಗಂಜಿ ಬಡಿಸಿದಾಗ ಗಡಿಯಾರ ನೋಡಿದೆ, ಬೆಳಗ್ಗೆ 8 ಗಂಟೆ, ನನಗಿನ್ನೂ ಹಸಿವಾಗಿರಲಿಲ್ಲ.